ಕೊನೆಯವರೆಗೆ ಕೇಳದ ತೊಟ್ಟಿಲ ಹಾಡು

ಚಿನ್ನಿ, ಪುಟ್ಯಾ, ಕಪಾಟಿನಲ್ಲಿರುವ ನಾಲ್ಕು ಭಜನೆ ರಿಕಾರ್ಡುಗಳನ್ನು ತೋರಿಸಿ ನೀವು ಮನೆಗೆ ಬಂದವರಿಗೆಲ್ಲ "ನಮ್ಮ ಆಯಿಗೆ ಭಜನಿ ಅಂದ್ರ ಜೀವ" ಎಂದು ಹೇಳುತ್ತೀರಿ. ಇನ್ನು ಮೇಲೆ ಹೇಳಬೇಡಿ. ಅವನ್ನು ನಾನು ಆರಿಸಿಕೊಂಡದ್ದಲ್ಲ. ಇದನ್ನು ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಮುತ್ಯಾ, ನನ್ನ ಯಜಮಾನರು, ಸುರಪುರದಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದರು. ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು ಎಂದು ಸುತ್ತಿನ ಹಳ್ಳಿಯವರು ಬಾಡಿಗೆಗೆ ಕರೆಯುತ್ತಿದ್ದರು. ಒಂದೊಂದು ಕಾರ್ಯಕ್ಕೆ ಒಂದೊಂದು ರಿಕಾರ್ಡು. ಅವನ್ನು ಮೆತ್ತನೆಯ ಅರಿವೆಯಿಂದ ಒರೆಸಿ ಇಡುತ್ತಿದ್ದರು. ನಾನು ಹತ್ತಿರ ಹೋದರೆ, "ಒಲಿ ಮುಂದಿನ ಕೈ ಅವು, ಜಿಡ್ಡು ಹತ್ತತದ, ದೂರ ನಿಲ್ಲು" ಎನ್ನುತ್ತಿದ್ದರು. ನಾನು ನಿಲ್ಲುತ್ತಿದ್ದೆ.

ಅವುಗಳಲ್ಲಿ ಒಂದರ ಕವರಿನ ಮೇಲೆ ನೀಲಿ ತೊಟ್ಟಿಲಿನ ಚಿತ್ರವಿತ್ತು. ದೂರದಿಂದ ನನಗೆ ಕಾಣುತ್ತಿದ್ದದ್ದು ಚಿತ್ರವಷ್ಟೇ, ಹಾಡಿದ ಹೆಣ್ಣುಮಗಳು ಯಾರೋ, ಗೊತ್ತಿಲ್ಲ. ಬಾಡಿಗೆಗೆ ಹೊರಡುವ ಮೊದಲು ಮುತ್ಯಾ ಅಂಗಳದಲ್ಲಿ ಸೆಟ್ಟು ಜೋಡಿಸಿ, ಸರಿಯಿದೆಯೋ ಇಲ್ಲವೋ ನೋಡಲು ಆ ಹಾಡನ್ನು ಹಚ್ಚುತ್ತಿದ್ದರು. ರೊಟ್ಟಿ ಬಡಿಯುವುದನ್ನು ಬಿಟ್ಟು ನಾನು ಕಿವಿಗೊಡುತ್ತಿದ್ದೆ. ಆಕೆ ಮಗುವನ್ನು ಕರೆಯುತ್ತಾಳೆ, ಚಂದ್ರನನ್ನು ಕರೆಯುತ್ತಾಳೆ, ಅಷ್ಟರಲ್ಲಿ ಮುತ್ಯಾ ರಿಕಾರ್ಡಿನ ಮೇಲಿನ ಮುಳ್ಳು ಎತ್ತಿಬಿಡುತ್ತಿದ್ದರು. ಸುಮ್ಮನೆ ಮುಳ್ಳು ಸವೆಸುವುದು ಅವರಿಗೆ ಆಗುತ್ತಿರಲಿಲ್ಲ. ಚಂದ್ರ ಬಂದನೋ ಇಲ್ಲವೋ, ನನಗೆ ತಿಳಿಯಲೇ ಇಲ್ಲ.

ನಿಮ್ಮ ಅಪ್ಪ ಹುಟ್ಟಿದ್ದು ನನ್ನ ತವರು ಬೋನಾಳದಲ್ಲಿ. ತೊಟ್ಟಿಲಿಗೆ ಹಾಕುವ ದಿನ ಅಳಿಯ ಮೈಕು ತರುತ್ತಾನೆಂದು ನನ್ನಪ್ಪ ಊರಿಗೆಲ್ಲ ಹೇಳಿದ್ದ. ಮುತ್ಯಾ ಬರಿಗೈಯಲ್ಲಿ ಬಂದರು.

"ಹುಣಸಗಿಯವರಿಗೆ ಮಾತು ಕೊಟ್ಟಿದ್ದೆರಿ ಮಾವಾ. ಸೆಟ್ಟು ಅಲ್ಲಿಗಿ ಹೋಗ್ಯಾದ," ಎಂದರು.

"ಆಯ್ತು ಬಿಡಪ್ಪ, ಹುಣಸಗಿ ಕೂಸಾದ್ರೂ ಚಂದಾಗಿ ಮಲಗಲಿ," ಎಂದ ನನ್ನಪ್ಪ. ಹೆಂಗಸರು ಬಾಯಿಂದಲೇ ಹಾಡಿ ಮುಗಿಸಿದರು. ನಿಮ್ಮ ಸೋದರತ್ತೆಯ ತೊಟ್ಟಿಲಿನ ದಿನವೂ ಹೀಗೆಯೇ ಆಯಿತು. ಕಂಡವರ ಕೂಸುಗಳೆಲ್ಲ ಆ ಹಾಡು ಕೇಳಿ ಮಲಗಿದವು, ನನ್ನವು ಮಾತ್ರ ಕೇಳಲಿಲ್ಲ.

ಮುತ್ಯಾ ತೀರಿಕೊಂಡ ಮೇಲೆ ಅಂಗಡಿ ಖಾಲಿ ಮಾಡಿದೆವು. ರಿಕಾರ್ಡುಗಳೆಲ್ಲ ಪಡಸಾಲೆಗೆ ಬಂದವು. ಹಳೆ ಸಾಮಾನಿನವರು ಮರುದಿನ ಬರುವವರಿದ್ದರು. ಆಗ ನಿಮ್ಮ ಅಪ್ಪ, "ಯವ್ವಾ, ಒಂದು ನಾಕು ನೀ ಇಟ್ಕೋ. ನಿನಗ ಯಾವು ಸೇರ್ತಾವ ಹೇಳು," ಎಂದ. ನನಗೆ ಏನು ಸೇರುತ್ತದೆಂದು ಆ ಮನೆಯಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು. ಬೇಕಾದದ್ದು ಒಂದೇ ಎಂದು ಹೇಳಬೇಕಿತ್ತು. ನಾಚಿಕೊಂಡು, "ಒಂದೊಂದಾಗಿ ಹಚ್ಚಪಾ, ನೋಡೋಣ," ಎಂದೆ.

ಅವನು ಸ್ವಲ್ಪ ಹಚ್ಚುತ್ತಿದ್ದ, ಮುಳ್ಳು ಎತ್ತುತ್ತಿದ್ದ, "ಇದು ಬೇಕೇನು?" ಎನ್ನುತ್ತಿದ್ದ. ಶಹಾಪುರದಿಂದ ಬಂದಿದ್ದ ನನ್ನ ನಾದಿನಿ, ಮುತ್ಯಾನ ತಂಗಿ, ಪಕ್ಕದಲ್ಲೇ ಕುಳಿತಿದ್ದಳು. ನೀಲಿ ತೊಟ್ಟಿಲಿನ ಸರದಿ ಬಂತು. ಹಾಡಿನಾಕೆ ಮಗುವನ್ನು ಕರೆದಳು, ಚಂದ್ರನನ್ನು ಕರೆದಳು.

"ಇದೊಂದು ಪೂರಾ ಆಗಲಿ," ಎಂದೆ.

ನಾದಿನಿ ನಕ್ಕಳು. "ವೈನಿ, ಈ ವಯಸ್ಸಿನಾಗ ಯಾವ ಕೂಸು ತೂಗವ್ರು ಇದ್ದೀರಿ?" ಆಮೇಲೆ ನಗು ಬಿಟ್ಟು ಹೇಳಿದಳು: "ತೊಟ್ಲದ ಹಾಡು, ಮದ್ವಿ ಹಾಡು ಮುತ್ತೈದೇರ ಮನ್ಯಾಗ ಇರಬೇಕ್ರಿ. ನಿಮಗ ಇನ್ಯಾಕ ಅವು? ಭಜನಿವು ಇಟ್ಕೋರಿ, ಅಣ್ಣನ ಆತ್ಮಕ್ಕೂ ಶಾಂತಿ. ಇದು ನನಗ ಕೊಡ್ರಿ, ನಮ್ಮ ಸೊಸಿ ಬಸುರಿ ಇದ್ದಾಳ."

ನಾನು ನಿಮ್ಮ ಅಪ್ಪನ ಮುಖ ನೋಡಿದೆ. ಅವನು ಮುಳ್ಳು ಎತ್ತಿದ. ಥೇಟ್ ತಂದೆಯ ಕೈ. ರಿಕಾರ್ಡನ್ನು ಕವರಿಗೆ ಹಾಕಿ ನಾದಿನಿಯ ಮುಂದೆ ಇಟ್ಟ. ನಾಲ್ಕು ಭಜನೆಗಳನ್ನು ಅವನೇ ತೆಗೆದು ನನ್ನ ಕಡೆ ಸರಿಸಿದ. ಕೆಟ್ಟವನಲ್ಲ ನಿಮ್ಮ ಅಪ್ಪ. ಆದರೆ ಗಂಡ ಸತ್ತವಳಿಗೆ ಮಕ್ಕಳನ್ನು ಹೆತ್ತದ್ದೂ ಅಳಿಸಿಹೋಗುತ್ತದೆಯೇ ಎಂದು ಅವನಾದರೂ ಕೇಳಬಹುದಿತ್ತು.

ಆ ಸೊಸೆ ಹೆತ್ತ ಮೇಲೆ ಶಹಾಪುರದ ತೊಟ್ಟಿಲಿಗೆ ನಾನೂ ಹೋಗಿದ್ದೆ. ಮುತ್ತೈದೆಯರು ತೊಟ್ಟಿಲ ಸುತ್ತ ನಿಂತರು, ನನಗೆ ಒಳಗಿನ ಬಾಗಿಲ ಬಳಿ ಚಾಪೆ ಹಾಕಿದರು. ಹಾಡಿನ ಸಲುವಾಗಿಯೇ ಬಂದವಳು ನಾನು, ಎಲ್ಲಿ ಕೂತರೂ ಕಿವಿಗೆ ಬಿದ್ದೀತು ಎಂದುಕೊಂಡೆ. ಯಾರೋ ಮೊಬೈಲಿನಿಂದ ಬೇರೆ ಯಾವುದೋ ಹಾಡು ಹಚ್ಚಿದರು. ಆಗ ತೊಟ್ಟಿಲ ಹಿಂದಿನ ಪರದೆಯ ಕಡೆ ನೋಡಿದೆ. ಬಲೂನುಗಳ ನಡುವೆ ನಮ್ಮ ರಿಕಾರ್ಡು ತೂಗುತ್ತಿತ್ತು. ಅದರ ಮೇಲೆ ಬಂಗಾರದ ಬಣ್ಣದ ಅಕ್ಷರಗಳಲ್ಲಿ ಕೂಸಿನ ಹೆಸರು ಅಂಟಿಸಿದ್ದರು. ಮುಳ್ಳು ಓಡುವ ಗೆರೆಗಳ ತುಂಬ ಗೋಂದು ಇಳಿದು ಒಣಗಿತ್ತು, ಇನ್ನು ಅದು ಹಾಡುವಂತಿರಲಿಲ್ಲ.

"ಹ್ಯಾಂಗ್ ಕಾಣ್ತದ್ರಿ ವೈನಿ? ಅಣ್ಣನ ನೆನಪಿಗಿ ಮಾಡ್ಸೀನಿ," ಎಂದಳು ನಾದಿನಿ.

"ಚಂದ ಕಾಣ್ತದ," ಎಂದೆ. ಊಟ ಮಾಡಿ ಸಂಜೆಯ ಬಸ್ಸಿಗೆ ಬಂದೆ.

ಅಂಥದೇ ರಿಕಾರ್ಡು ಇನ್ನೊಂದು ಎಲ್ಲಾದರೂ ಇರಬಹುದು. ಹುಡುಕಿ ಎಂದು ನಿಮಗೆ ಹೇಳುವುದಿಲ್ಲ. ಹೆಸರು ಗೊತ್ತಿಲ್ಲದ ಹಾಡನ್ನು ಏನೆಂದು ಹುಡುಕುತ್ತೀರಿ? ನಾನು ಸತ್ತ ಮೇಲೆ ಆ ನಾಲ್ಕು ಭಜನೆಗಳನ್ನು ಯಾರು ಕೇಳಿದರೂ ಕೊಟ್ಟುಬಿಡಿ. ಈ ಹಾಳೆಗಳನ್ನು ಮಾತ್ರ ಕೊಡಬೇಡಿ. ನೀರು ತಾಗದ ಕಡೆ ಇಡಿ, ಮೇಲೆ ಏನೂ ಅಂಟಿಸಬೇಡಿ.