ತಾಳ್ಮೆಗೆ ಒಂದು ಉದಾಹರಣೆ

ಅಂತರಸನಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಈ ವಾರ ಎಲ್ಲರ ಕೈಗೂ ಒಂದೊಂದು ಫಾರಂ ಕೊಟ್ಟಿದ್ದಾರೆ. ‘ನಿಮ್ಮ ಮೂರು ಒಳ್ಳೆಯ ಗುಣಗಳನ್ನು ಉದಾಹರಣೆ ಸಮೇತ ಬರೆಯಿರಿ.’ ಇಪ್ಪತ್ತು ವರ್ಷ ಲೇತ್ ಮೆಷಿನ್ನಿನ ಮುಂದೆ ನಿಂತವನಿಗೆ ಇದೆಂಥ ಶಿಕ್ಷೆ ಹೇಳಿ! ತಿರುಗಿಸಿದ ಕಬ್ಬಿಣವನ್ನಾದರೆ ಗೇಜ್ ಹಿಡಿದು ಅಳತೆ ನೋಡಬಹುದು. ನನ್ನನ್ನು ಅಳೆಯಲು ನಾನೇ ಗೇಜು, ಅದೂ ಸವೆದದ್ದು.

ಪ್ರಾಮಾಣಿಕತೆ ಎಂದು ಬರೆದುಕೊಳ್ಳುವವರ ಮೇಲೆ ನನಗೆ ಮೊದಲಿಂದಲೂ ಅನುಮಾನ. ಫಾರಂ ಮೇಲೆ ಬಿದ್ದಿದ್ದ ನನ್ನ ಹೆಬ್ಬೆಟ್ಟಿನ ಎಣ್ಣೆ ಗುರುತಿನ ಪಕ್ಕ ‘ತಾಳ್ಮೆ’ ಎಂದು ಬರೆದೆ.

ಉದಾಹರಣೆ ಸಿದ್ಧವಾಗಿಯೇ ಇತ್ತು. ಮದುವೆಗೆ ಮುಂಚೆ ಅಕ್ಕ ತುಮಕೂರಿನ ಹಾಸ್ಟೆಲಿನಲ್ಲಿದ್ದಳು. ಅಲ್ಲಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಇಂಟರ್‌ವ್ಯೂ ಬಂತು. ಮಾರ್ಕ್ಸ್ ಕಾರ್ಡು ಮಾತ್ರ ಕುಣಿಗಲ್ಲಿನ ಮನೆಯಲ್ಲಿತ್ತು. ಅದನ್ನು ತುಮಕೂರಿನ ಬಸ್ ಸ್ಟ್ಯಾಂಡಿಗೆ ತಂದುಕೊಡುವ ಕೆಲಸ ನನ್ನದು. ಕಂಬಕ್ಕೊರಗಿ, ಫೈಲನ್ನು ಎದೆಗವಚಿಕೊಂಡು ಮೂರು ಗಂಟೆ ಅವಳಿಗಾಗಿ ಕಾದೆ. ಕಾಲು ನೋವು ಸಹ ನೆನಪಿದೆ. ಕಂಬಕ್ಕೆ ಹಳದಿ ಬಣ್ಣ. ಹಳದಿಯೋ, ಹಸಿರೋ? ನೋಡಿ, ನನ್ನ ನೆನಪಿನ ಯೋಗ್ಯತೆ ಇಷ್ಟು.

ಬೇಸತ್ತು, ಈಗ ಗುಬ್ಬಿಯಲ್ಲಿರುವ ಅಕ್ಕನಿಗೇ ಫೋನ್ ಮಾಡಿದೆ.

“ಅಕ್ಕ, ಅವತ್ತು ನಿಂಗೋಸ್ಕರ ಕಾಯ್ತಾ ನಿಂತಿದ್ನಲ್ಲ, ಆ ಕಂಬ ಯಾವ ಬಣ್ಣ?”

“ನೀನಾ? ನೀನ್ಯಾವಾಗ ಕಾದ್ಯೋ?” ಅಕ್ಕ ಜೋರಾಗಿ ನಕ್ಕಳು. “ಕಾದೋಳು ನಾನು ಕಣೋ! ನೀನು ಕ್ರಿಕೆಟ್ ಮುಗಿಸ್ಕೊಂಡು ಮೆತ್ತಗೆ ಬಂದೆ. ಅಷ್ಟೊತ್ತಿಗೆ ಇಂಟರ್‌ವ್ಯೂನೇ ಮುಗ್ದೋಗಿತ್ತು.”

“ಮತ್ತೆ ಕೆಲಸ?”

“ಇನ್ನೆಲ್ಲಿ ಕೆಲಸ? ಬುಡು ಅತ್ಲಾಗೆ. ಕಂಬ ನೀಲಿ. ಹಸಿ ಪೇಂಟು, ನನ್ ಸೀರೆಗೆಲ್ಲಾ ಮೆತ್ಕೊಂಡಿತ್ತು.”

ಅವಳು ಮನೆಯಲ್ಲಿ ಹೇಳಿದ್ದನ್ನು ಕೇಳಿ ಕೇಳಿ, ಅವಳ ಕಾಲುನೋವನ್ನೂ ನನ್ನದೆಂದೇ ಇಟ್ಟುಕೊಂಡಿದ್ದೆನೋ ಏನೋ. ಈ ಮಾತನ್ನೂ ಪೂರ್ತಿ ನಂಬಬೇಡಿ. ಅವಳು ಕ್ರಿಕೆಟ್ ಎಂದ ಕೂಡಲೇ ಬ್ಯಾಟಿನ ಹಿಡಿ ಕೈಗೆ ಸಿಕ್ಕಿದಂತಾಯಿತು. ಇಂಥ ತಲೆ ಕಟ್ಟಿಕೊಂಡು ಗುಣ ಹುಡುಕಲು ಹೊರಟಿದ್ದೆ. ಅವಳು ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಬೈದಿದ್ದರೆ ನನಗೆ ನೆನಪಿರುತ್ತಿತ್ತಲ್ಲ ಎಂದು ಅವಳ ಮೇಲೆಯೇ ರೇಗಿತು. ಆಮೇಲೆ ಹಾಗೆ ರೇಗಿದ್ದಕ್ಕೇ ನಾಚಿಕೆಯಾಯಿತು.

ಫೋನ್ ಕಿವಿಗಿಟ್ಟುಕೊಂಡೇ ‘ತಾಳ್ಮೆ’ಯನ್ನು ಹೊಡೆದುಹಾಕಿದೆ. ಎಣ್ಣೆ ಗುರುತು ಮಾತ್ರ ಉಳಿಯಿತು.

“ಭಾನುವಾರ ಬರ್ತೀನಿ ಅಕ್ಕ.”

“ಬಾ. ಎಷ್ಟೊತ್ತಿಗೆ ಅಂತ ಮಾತ್ರ ಹೇಳ್ಬೇಡ ಕಣೋ. ಹೇಳಿದ್ರೆ ನಾನು ಬಸ್ ಸ್ಟ್ಯಾಂಡಿಗೆ ಬಂದು ನಿಂತ್ಕೊಂಬಿಡ್ತೀನಿ.”

ಹತ್ತು ಗಂಟೆಗೆ ಎಂದು ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ.