ಒಂಬತ್ತು ಬೆಕ್ಕುಗಳ ಎಣಿಕೆ

ನಮ್ಮ ಅರಣ್ಯ ಕಚೇರಿಯಲ್ಲಿ ಚುಕ್ಕೆಯಮ್ಮನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವನ ಕೆಲಸಕ್ಕೆ ಬಂದವಳು, ಇಪ್ಪತ್ತೆರಡು ವರ್ಷದಿಂದ ಹಿಂದಿನ ಕೋಣೆಯಲ್ಲಿ ಕೂತು ಮೀನುಬೆಕ್ಕುಗಳ ಫೋಟೊ ನೋಡುತ್ತಿದ್ದಾಳೆ. ಜೌಗಿನ ಜೊಂಡಿನಲ್ಲಿ ಅಡಗಿ ಮೀನು ಹಿಡಿಯುವ ಈ ಕಾಡುಬೆಕ್ಕಿನ ಸಂತತಿ ಅಳಿಯುತ್ತ ಬಂದಿದೆ. ಒಂದೊಂದರ ಮೈಮೇಲಿನ ಚುಕ್ಕೆಯೂ ಬೇರೆ. ಚುಕ್ಕೆ ನೋಡಿ ಯಾವ ಬೆಕ್ಕೆಂದು ಹೇಳುವುದು ಅವಳ ಕೆಲಸ. ಬೆಕ್ಕುಗಳೆಲ್ಲ ನೆನಪಿದ್ದವು, ನಮ್ಮ ಹೆಸರು ಮಾತ್ರ ನೆನಪಿರುತ್ತಿರಲಿಲ್ಲ. ನನ್ನನ್ನು ‘ಏ ಕ್ಯಾಮೆರಾ’ ಎಂದೇ ಕರೆಯುತ್ತಿದ್ದಳು. ಹೆತ್ತ ಮಗಳೇ ಅಮ್ಮನ ಬಾಯಿಗೆ ಹೆದರಿ ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ಜೌಗಿಗೆ ಹೋಗಿ, ಪ್ರಾಣಿ ಹಾದರೆ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ ಕಟ್ಟುವವನು ನಾನು. ಬೆಕ್ಕು ಓಡಾಡುವ ಜಾಡಿನ ಎರಡೂ ಬದಿಗೆ ಎದುರುಬದುರು ಒಂದೊಂದು ಕಟ್ಟುವುದು ರೂಢಿ. ಈ ಹೊಸ ಜೌಗಿನಲ್ಲಿ ಎಣಿಕೆ ಇದೇ ಮೊದಲು. ಹೆಚ್ಚು ಜಾಗ ಸಿಗಲಿ ಎಂದು ನಾನು ಜೋಡಿ ಒಡೆದು ಒಂದೊಂದು ಕಡೆ ಒಂದೇ ಕಟ್ಟಿದೆ. ಒಂಬತ್ತು ಬೆಕ್ಕು ಸಿಕ್ಕವು! ಸಾಹೇಬರು ಬೆನ್ನು ತಟ್ಟಿದರು. ಎಂಟಿದ್ದರೂ ಸಾಕು, ಬೆಕ್ಕುಗಳಿಗೆ ತೊಂದರೆಯಿಲ್ಲ ಎಂದು ಬರೆದು ಅರ್ಧ ಜೌಗಿಗೆ ಮಣ್ಣು ತುಂಬಿಸಬಹುದು. ಅಲ್ಲಿ ಗೋದಾಮು ಕಟ್ಟುವವರಿಗೆ ಅವರು ಆಗಲೇ ಮಾತು ಕೊಟ್ಟಾಗಿತ್ತು.

ಚುಕ್ಕೆಯಮ್ಮ ಫೋಟೊಗಳನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದಳು.

“ಏ ಕ್ಯಾಮೆರಾ, ಎಡಮಗ್ಗುಲಿನವು ಐದು, ಬಲಮಗ್ಗುಲಿನವು ನಾಲ್ಕು. ಒಂದು ಬೆಕ್ಕಿಗೆ ಎರಡು ಮಗ್ಗುಲು ಇರುತ್ತೆ ಅಂತ ಯಾರೂ ಹೇಳಿಲ್ವಾ ನಿಂಗೆ? ಎರಡೂ ಕಡೆ ಚುಕ್ಕೆ ಒಂದೇ ಥರ ಇರಲ್ಲ. ಒಂದನ್ನೇ ಎರಡು ಸಲ ಎಣಿಸಿದೀಯ.”

“ಬೇರೆ ಬೆಕ್ಕೇ ಇರಬಹುದಲ್ಲಾ?”

“ಇರಬಹುದು. ಇದೆ ಅಂತ ಬರೆಯೋಕೆ ನೀನ್ಯಾರು?”

ಪಕ್ಕದಲ್ಲೇ ನಿಂತಿದ್ದ ಸಾಹೇಬರು ಮುಖ ಗಂಟಿಕ್ಕಿದರು. “ಅಮ್ಮಾ, ನಿಮ್ಮ ಅನುಮಾನ ನಿಮ್ಮ ಹತ್ರಾನೇ ಇರಲಿ. ಕ್ಯಾಮೆರಾ ಕಟ್ಟಿದವನ ಸಹಿ ಇದ್ರೆ ಸಾಕು.”

ಅವಳು ಹೇಳಿದ್ದು ಸರಿ ಎಂದು ಆ ಗಳಿಗೆಯಲ್ಲೇ ನನಗೆ ಗೊತ್ತಾಯಿತು. ಆದರೆ ಆ ಹೆಂಗಸಿನ ಎದುರು ತಪ್ಪೊಪ್ಪಿಕೊಳ್ಳುವುದೇ? ಫೋಟೊಗಳನ್ನು ಅವಳ ಕಡೆಗೇ ತಳ್ಳಿದೆ. ಬೆಕ್ಕುಗಳ ಪಟ್ಟಿಗೆ ಸಹಿ ಹಾಕುವುದು ಮರುದಿನಕ್ಕೆ ಉಳಿಯಿತು.

ಮರುದಿನ ಬೆಳಿಗ್ಗೆ ಡ್ರೈವರ್ ಒಂದು ಗೋಣಿಚೀಲ ತಂದಿಳಿಸಿದ. ಜೌಗಿನ ಅಂಚಿನ ರಸ್ತೆಯಲ್ಲಿ ಲಾರಿಗೆ ಸಿಕ್ಕ ಬೆಕ್ಕು. ಚುಕ್ಕೆಯಮ್ಮ ನೆಲದ ಮೇಲೆ ಪೇಪರು ಹಾಸಿ ಅದನ್ನು ಮಲಗಿಸಿದಳು, ಒದ್ದೆ ಬಟ್ಟೆಯಿಂದ ಕೆಸರು ಒರೆಸಿದಳು. ಮಗುವಿಗೆ ಮೈ ಒರೆಸಿದ ಹಾಗೆ ಒರೆಸಿದಳು. ಪಕ್ಕದಲ್ಲಿ ಒಂದು ಫೋಟೊ ಇಟ್ಟಳು: ಎಡಮಗ್ಗುಲಿನ ಮೂರನೆಯದು, ಪಟ್ಟಿಯಲ್ಲಿ ‘ಎಡ ಮೂರು’. ಬೆಕ್ಕನ್ನು ಮಗ್ಗುಲು ಬದಲಾಯಿಸಿ ಇನ್ನೊಂದು ಇಟ್ಟಳು: ಬಲ ಎರಡು. ಚುಕ್ಕೆಗೆ ಚುಕ್ಕೆ ಕೂಡುತ್ತಿತ್ತು.

ಸಾಹೇಬರು ಬಾಗಿಲಲ್ಲೇ ನಿಂತು ನೋಡಿದರು. “ಪಾಪ. ಒಂಬತ್ತರಲ್ಲಿ ಒಂದು ಹೋಯ್ತು. ಎಂಟು ಅಂತ ತಿದ್ದಿ ಸಹಿ ಹಾಕು.”

ಚುಕ್ಕೆಯಮ್ಮ ಪಟ್ಟಿಯನ್ನೂ ಪೆನ್ನನ್ನೂ ನನ್ನ ಕೈಗೆ ತುರುಕಿದಳು. “ಸತ್ತಿದ್ದನ್ನ ಹೊಡೆದು ಹಾಕು.”

ಎಡ ಮೂರನ್ನು ಹೊಡೆದೆ. ಅವಳು ಪಟ್ಟಿಯ ಮೇಲಿಟ್ಟ ಬೆರಳು ತೆಗೆಯಲಿಲ್ಲ.

“ಇನ್ನೊಂದು?”

ಬಲ ಎರಡನ್ನೂ ಹೊಡೆದೆ. ಉಳಿದದ್ದು ಎಡದವು ನಾಲ್ಕು, ಬಲದವು ಮೂರು; ಆ ಮೂರೂ ಎಡದ ನಾಲ್ಕರಲ್ಲೇ ಇರಬಹುದು. ಆಮೇಲೆ ಸಾಹೇಬರ ಮುಖ ನೋಡದೆ ಒಂಬತ್ತನ್ನೇ ಹೊಡೆದು, ಖಚಿತವಾಗಿ ಹೇಳಬಹುದಾದದ್ದು ನಾಲ್ಕು ಎಂದು ಬರೆದು ಸಹಿ ಹಾಕಿದೆ. ಸಾಹೇಬರು ಬಾಗಿಲು ಬಡಿದುಕೊಂಡು ಹೋದರು.

ಶಹಬ್ಬಾಸ್ ಅನ್ನುತ್ತಾಳೇನೋ ಎಂದು ಕಾದೆ. ಅವಳು ಬೆಕ್ಕಿಗೆ ಪೇಪರು ಸುತ್ತುತ್ತಿದ್ದಳು.

“ಇಷ್ಟು ಬರೆಯೋಕೆ,” ಎಂದಳು, “ಇದು ಸಾಯಬೇಕಾಯ್ತಾ ನಿಂಗೆ?”