ಏಜೆಂಟನ ಮನೆಯಲ್ಲಿಟ್ಟ ಗಂಟು

ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ಒಬ್ಬ ಹಡಗಿನ ಏಜೆಂಟ್ ಇದ್ದ. ರಂಗೂನಿಗೆ ಹೋಗುವವರನ್ನು ಗುಂಪು ಸೇರಿಸಿ ಮದ್ರಾಸಿಗೆ ಕರೆದೊಯ್ದು ಹಡಗು ಹತ್ತಿಸುವುದು ಅವನ ಕಸುಬು. ಅವನು ಸತ್ತು ಎಷ್ಟೋ ಕಾಲವಾಯಿತು. ಸತ್ತವರನ್ನು ಬೈಯಬಾರದು ಅನ್ನುತ್ತಾರೆ, ನಾನು ಬೈಯುತ್ತೇನೆ.

ಮದುವೆಯಾಗಿ ರಂಗೂನಿಗೆ ಹೋಗಿದ್ದ ನಮ್ಮಕ್ಕ ಚೊಚ್ಚಲ ಬಸುರಿ. ಸಮುದ್ರ ದಾಟಿ ತವರಿಗೆ ಬರುವಂತಿರಲಿಲ್ಲ. ಹೆರಿಗೆಯ ಹೊತ್ತಿಗೆ ಅಮ್ಮನೇ ಅಲ್ಲಿರಬೇಕಿತ್ತು. ಉರಿಗಾಂ ಚಿನ್ನದ ಗಣಿಗೆ ರೈಲಿನಲ್ಲಿ ಹೋಗಿಬರುತ್ತಿದ್ದ ಅಪ್ಪನಿಗೆ ತಮಿಳು ನೀರು ಕುಡಿದಷ್ಟು ಸಲೀಸು. "ಮದ್ರಾಸ್ಗೆ ನಾವೇ ಓಗಿ ಟಿಕೀಟು ತಕ್ಕೊಳ್ಳಾನ. ಇವ್ನ್ಯಾಕೆ ನಡುವೆ?" ಎಂದ. ಅಮ್ಮನಿಗೆ ಧೈರ್ಯ ಸಾಲಲಿಲ್ಲ. ಏಜೆಂಟ್ ಅದಕ್ಕೇ ಕಾದಿದ್ದ.

"ಮದ್ರಾಸ್ ಆರ್ಬರ್ನಲ್ಲಿ ಕಳೆದೋದ್ರೆ ಯಾರಮ್ಮ ಉಡುಕ್ತಾರೆ? ನನ್ ಜೊತೆ ಬನ್ನಿ. ನಮ್ಮನೆ ನಿಮಗೆ ಮೂಡ್ಲಿಗೈತೆ, ಒಳ್ಳೆ ಗಳಿಗೇಲಿ ಪರಸ್ಥಾನ ತಂದಿಟ್ಬಿಡಿ" ಎಂದ.

ಹೊರಡುವ ದಿನಕ್ಕೆ ಮುಹೂರ್ತ ಕೂಡದಿದ್ದರೆ, ಒಳ್ಳೆಯ ಗಳಿಗೆಯಲ್ಲಿ ಒಂದು ಗಂಟನ್ನು ಹೋಗುವ ದಿಕ್ಕಿನ ಮನೆಯಲ್ಲಿ ಇಟ್ಟುಬರುವುದೇ ಪರಸ್ಥಾನ. ಗಂಟು ಹೊರಟರೆ ನಾವು ಹೊರಟಂತೆಯೇ ಲೆಕ್ಕ. ಹಿಂದಕ್ಕೆ ತಂದರೆ ಅಪಶಕುನ. ಅಮ್ಮ ಸೊಂಠಿ ಹಾಕಿ ಕುಟ್ಟಿದ ಬಾಣಂತಿ ಖಾರವನ್ನೂ ಕೂಸಿಗೆಂದು ತನ್ನ ಹಳೆಯ ಸೀರೆಯನ್ನೂ ಕಟ್ಟಿ ಇಟ್ಟುಬಂದಳು. ಅಲ್ಲಿಗೆ ನಮ್ಮ ಜುಟ್ಟು ಅವನ ಕೈಗೆ ಸಿಕ್ಕಿತು.

ಒಂದು ಹಡಗು ಹೋಯಿತು. "ಜನ ಸೇರಿಲ್ಲ, ಮುಂದಿನ್ದಕ್ಕೆ" ಎಂದ. ಅದೂ ಹೋಯಿತು. ಗುಂಪು ತುಂಬಿದರೆ ತಾನೇ ಅವನ ಕಮಿಷನ್ ತುಂಬುವುದು! "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಎಂದು ಅಪ್ಪ ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ಅಮ್ಮ ಮಾತ್ರ "ಇಟ್ಟ ಗಂಟು ಇಂದಕ್ಕೆ ತಂದ್ರೆ ಮಗೀಗೆ ಕೇಡು" ಎಂದು ಅಳುತ್ತಿದ್ದಳು. ಆ ಕಳ್ಳನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವನ ನಡುಮನೆಯಲ್ಲಿ ಊರವರ ಗಂಟುಗಳು ದೊಡ್ಡಿಗೆ ಕೂಡಿದ ದನಗಳ ಹಾಗೆ ಬಿದ್ದಿರುತ್ತಿದ್ದವು.

ಒಂದು ಬೆಳಿಗ್ಗೆ ಅಮ್ಮ, ನಾನು ಮತ್ತೆ ಕೇಳಲು ಹೋದೆವು. ಬಾಗಿಲಿಗೇ ಸೊಂಠಿಯ ಘಾಟು ಬಡಿಯಿತು. ಹೆರಿಗೆಗೆ ತವರಿಗೆ ಬಂದಿದ್ದ ಅವನ ಮಗಳು ಬಿಸಿ ಅನ್ನಕ್ಕೆ ಖಾರ ಕಲಸಿಕೊಂಡು ತಿನ್ನುತ್ತಿದ್ದಳು. ಪಕ್ಕದಲ್ಲಿ ನಮ್ಮ ಗಂಟು ಬಿಚ್ಚಿ ಬಿದ್ದಿತ್ತು. ಅವಳ ಕೂಸಿನ ಮೈಗೆ ಅಮ್ಮನ ಸೀರೆ ಸುತ್ತಿತ್ತು.

"ಮನೇಲಿ ಕಾರ ಮುಗಿದೋಗಿತ್ತು. ಬೇರೆ ಕುಟ್ಟಿಸಿ ಕೊಡ್ತೀನಿ ಬಿಡಿ" ಎಂದು ಏಜೆಂಟ್ ಹಲ್ಲು ಕಿರಿದ.

ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಅಮ್ಮ ಬೈಯಲಿಲ್ಲ. ಆ ಬಾಣಂತಿಯ ಮುಖ ನೋಡಿ, "ಆಲು ಚೆನ್ನಾಗಿ ಬರ್ತೈತಾ ತಾಯಿ?" ಎಂದು ಕೇಳಿದಳು. ನನಗೆ ಅಮ್ಮನ ಮೇಲೂ ಸಿಟ್ಟು ಬಂತು. ಅದು ಇವತ್ತಿಗೂ ಇಳಿದಿಲ್ಲ.

ಮನೆಗೆ ಬಂದವಳೇ ಅಪ್ಪನಿಗೆ, "ಗಂಟೇ ಇಲ್ದ ಮೇಲೆ ಇಂದಕ್ಕೆ ತರೋದೇನು? ನಡೀರಿ, ನಾವೇ ಓಗಾನ" ಎಂದಳು.

ಮದ್ರಾಸಿನಲ್ಲಿ ಟಿಕೆಟ್ ತೆಗೆಸಲು ಅರ್ಧ ಬೆಳಿಗ್ಗೆಯೂ ಹಿಡಿಯಲಿಲ್ಲ. ಅಪ್ಪ ನಮ್ಮಿಬ್ಬರನ್ನು ಹಡಗು ಹತ್ತಿಸಿ ಗಣಿಗೆ ವಾಪಸಾದ.

ರಂಗೂನಿನಲ್ಲಿ ಅಕ್ಕನೇ ಬಾಗಿಲು ತೆರೆದಳು. ಹೆಗಲ ಮೇಲೆ ಕೂಸು ಮಲಗಿತ್ತು.

"ಎರಿಗೇಲಿ ಪಕ್ಕದ್ಮನೆ ಬರ್ಮಾ ಎಂಗ್ಸು ನನ್ನ ಇಡ್ಕೊಂಡಿದ್ಲು. ನಿನ್ನ ಕೂಗಿ ಕೂಗಿ ಗಂಟ್ಲು ಕಟ್ಟೋಯ್ತು ಕಣಮ್ಮ" ಎಂದಳು.

ಅಮ್ಮ ಎರಡೂ ಕೈ ಚಾಚಿದಳು. ಅಕ್ಕ ಕೂಸನ್ನು ಕೊಡಲಿಲ್ಲ.